ತ್ರ್ಯಂಬಕರಾಯರ ಹದಿನಾರು ಕುಣಿಕೆ

ಧಾರವಾಡದಲ್ಲಿ ಹಾಡುವವರಿಗೆ ಕೊರತೆಯಿಲ್ಲ. ಹಾಡುವವರನ್ನು ತಿದ್ದುವವರಿಗಂತೂ ಇಲ್ಲವೇ ಇಲ್ಲ. ಈ ಎರಡನೆಯ ದಂಡಿಗೆ ನಮ್ಮ ಓಣಿಯ ತ್ರ್ಯಂಬಕರಾಯರೇ ಸೇನಾಪತಿ. ಕಚೇರಿಯಲ್ಲಿ ಮೂವತ್ತೈದು ವರ್ಷ ಕೂತು ನಿವೃತ್ತರಾದ ರಾಯರು ಜೀವಮಾನದಲ್ಲಿ ಒಂದು ಸಾಲು ಹಾಡಿದವರಲ್ಲ, ತಬಲಾ ಮುಟ್ಟಿದವರಲ್ಲ. ಅವರ ವಾದ್ಯವೆಂದರೆ ಬಲತೊಡೆ. ಗರಗದ ಖಾದಿ ಜುಬ್ಬಾ ತೊಟ್ಟು, ಮುಂದಿನ ಸಾಲಿನಲ್ಲಿ ಕೂತು, ತೊಡೆಯ ಮೇಲೆ ತಾಳ ಬಡಿಯುತ್ತ, ತೀನತಾಲದ ಹದಿನಾರು ಮಾತ್ರೆಗಳಲ್ಲಿ ಯಾರು ಎಲ್ಲಿ ಜಾರಿದರೆಂದು ಎಲ್ಲರಿಗೂ ಕೇಳುವಂತೆ ಸಾರುವುದೇ ಅವರ ಕಾಯಕ.

ದೀಪಾವಳಿಯ ನಂತರದ ಒಂದು ಗುರುವಾರ ಅಣ್ಣನ ಮಗಳು ಸುರಭಿ ಅವರ ಮನೆಯಲ್ಲೇ ಹಾಡುತ್ತಿದ್ದಳು. ರಾಯರು ನಡುವೆಯೇ ಕೈಯೆತ್ತಿದರು.

"ಅರ್ಧ ಮಾತ್ರಾ ಹೋತು, ತಂಗಿ. ಮತ್ತೊಮ್ಮೆ ತಗೋ."

ಬಂದವರೆಲ್ಲ ಹುಡುಗಿಯ ಮುಖ ನೋಡಿದರು. ಅದು ಕೆಂಪಗಾಗಿತ್ತು.

"ಕಾಕಾ, ನೀವು ಒಮ್ಮೆರೆ ಕೈಲೆ ಏನಾರ ಮಾಡಿ ತೋರಸ್ರಿ. ಆಮ್ಯಾಲ ನನ್ನ ಮಾತ್ರಾ ಎಣಸ್ರಿ."

ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಹೆಂಡತಿ ಗೋದಾಬಾಯಿ ತಲೆಯೆತ್ತಿದರು. ಅವರು ಹೆಣೆದ ಸ್ವೆಟರುಗಳನ್ನು ರಾಯರು ಮೂವತ್ತು ಚಳಿಗಾಲ ಬೆಚ್ಚಗೆ ತೊಟ್ಟಿದ್ದರು. ಪ್ರತಿಯೊಂದಕ್ಕೂ 'ಅಂಚು ಸೊಟ್ಟ' ಎಂದು ಷರಾ ಕೂಡ ಹಾಕಿದ್ದರು.

"ನಾ ಹದಿನಾರ ಕುಣಿಕಿ ಹಾಕಿ ಕೊಡ್ತೇನಿ," ಅಂದರು ಗೋದಾಬಾಯಿ. "ಒಂದು ಮೊಳ ಮಫ್ಲರ್ ಹೆಣೀರಿ. ಕಡೀತನಾ ಹದಿನಾರು ಹದಿನಾರೇ ಉಳದ್ರ, ಯಾರನ್ನ ಬೇಕಾದ್ರೂ ತಿದ್ರಿ. ಇಲ್ಲಾಂದ್ರ ಮುಂದಿನ ತಿಂಗಳ ಸುರಭಿ ಹಾಡುಮುಂದ ಬಾಯಿ ತಗಿಯೂಹಂಗಿಲ್ಲ, ತೊಡಿ ಮುಟ್ಟೂಹಂಗಿಲ್ಲ. ಅವತ್ತಷ್ಟ ಅಲ್ಲ, ಎಂದೂ."

ತೊಡೆ ಬಡಿಯುವ ಹಕ್ಕು ಹೋದರೆ ರಾಯರಲ್ಲಿ ಉಳಿಯುವುದು ಬರೀ ಜುಬ್ಬಾ. ಆದರೂ ನಕ್ಕರು. "ಹೆಂಗಸರ ಕೆಲಸ. ಎಂಟ ದಿನದಾಗ ಮುಗಸ್ತೇನಿ."

ಮರುದಿನ ಚಿಗರಿ ಬಸ್ ಹತ್ತಿ ಉಲನ್ ಗೆಲ್ಲಲು ಹುಬ್ಬಳ್ಳಿಯ ಗೋಕುಲ ರಸ್ತೆಗೆ ದಂಡಯಾತ್ರೆ ಹೊರಟರು. ಅಂಗಡಿಯ ಜರೀನಾ, "ಎಷ್ಟು ನಂಬರ್ ಸೂಜಿಗೆ ಬೇಕ್ರಿ ಅಜ್ಜಾರ?" ಎಂದು ಕೇಳಿದರೆ, "ತೀನತಾಲಕ್ಕ," ಎಂದರು. ಆಕೆ ಪಾಪ, ಕುಂಕುಮ ಬಣ್ಣದ ದಪ್ಪ ಉಲನ್ ಕೊಟ್ಟು ಸಾಗಹಾಕಿದಳು.

ಪಾಠ ಶುರುವಾಯಿತು. "ಸೂಜಿ ಕುಣಿಕ್ಯಾಗ ಹಾಕ್ರಿ. ಉಲನ್ ಸುತ್ರಿ. ಎಳಕೊಳ್ರಿ. ಹಳೀದನ್ನ ಬಿಡ್ರಿ."

"ಧಾ ಧಿನ್ ಧಿನ್ ಧಾ!" ರಾಯರು ಕುಣಿದಾಡಿದರು. "ಇಷ್ಟ ಏನು?"

ಇಷ್ಟೇ ಆಗಿರಲಿಲ್ಲ. ಮೊದಲ ದಿನ ಅವರು ಉಲನ್ ಎಳೆದ ಬಿಗಿಗೆ, ಕುಣಿಕೆಯೊಳಗೆ ಸೂಜಿಯಿರಲಿ, ಗಾಳಿಯೂ ಹೋಗುವಂತಿರಲಿಲ್ಲ. ಭರ್ಜಿ ಹಿಡಿದಂತೆ ಸೂಜಿ ಹಿಡಿದು, ನಾಲಿಗೆಯ ತುದಿ ಹೊರಚಾಚಿ, ಚಳಿಯಲ್ಲೂ ಬೆವೆತರು. ನಾಲ್ಕನೆಯ ದಿನಕ್ಕೆ ಕೈ ಸಡಿಲಾಯಿತು. ಆಮೇಲೆ ಹಿಡಿಯುವವರೇ ಇಲ್ಲ. ಬಸ್ಸಿನಲ್ಲಿ ಹೆಣೆದರು, ಬ್ಯಾಂಕಿನ ಸಾಲಿನಲ್ಲಿ ಹೆಣೆದರು. ಪಕ್ಕದವರು ತಮ್ಮ ಪಕ್ಕೆಲುಬು ತಾವೇ ಕಾಯ್ದುಕೊಂಡರು.

"ಒಮ್ಮೆ ಎಣಸಿ ನೋಡ್ರಿ," ಎಂದು ಗೋದಾಬಾಯಿ ದಿನಾ ಸಂಜೆ ಹೇಳುತ್ತಿದ್ದರು.

"ತಾಳ ಬಲ್ಲಾಂವ ಎಣಸೂದಿಲ್ಲ, ಗೋದಾ. ಅಂವಗ ಗೊತ್ತಿರ್ತದ."

ಅವರಿಗೆ ಗೊತ್ತಿಲ್ಲದ್ದು ಇಷ್ಟು: ಸಾಲು ಮುಗಿಸಿ ಹೆಣಿಗೆ ತಿರುಗಿಸುವಾಗ ಉಲನ್ ಸೂಜಿಯ ಮೇಲೆ ಹಾಯ್ದುಬಿಟ್ಟರೆ ಮೊದಲ ಕುಣಿಕೆ ಎರಡಾಗಿ ಕಾಣುತ್ತದೆ. ರಾಯರು ಎರಡನ್ನೂ ಭಕ್ತಿಯಿಂದ ಹೆಣೆಯುತ್ತಿದ್ದರು. ಸಾಲಿಗೊಂದು ಕುಣಿಕೆ ಹುಟ್ಟುತ್ತಿತ್ತು. ಪಟ್ಟಿ ಅಗಲವಾಗುತ್ತಿರುವುದು ಕಣ್ಣಿಗೆ ಬಿದ್ದಾಗ ಒಂದು ಕ್ಷಣ ತಡವರಿಸಿದರು, ಬಳಿಕ, "ರಾಗ ಅರಳಿಧಂಗ ಅರಳಾಕತ್ತದ," ಎಂದು ತಮ್ಮನ್ನೇ ಒಪ್ಪಿಸಿಕೊಂಡರು.

ಸುರಭಿ ಹಾಡುವ ಗುರುವಾರ ಬಂತು. ಓಣಿಯೆಲ್ಲ ಸೇರಿತ್ತು. ರಾಯರು ಶಾಲಿನಲ್ಲಿ ಸುತ್ತಿಟ್ಟ ಮಫ್ಲರ್ ಅನ್ನು ಸನ್ಮಾನದ ಠೀವಿಯಲ್ಲಿ ಬಿಡಿಸಿದರು. ಕೆಳಗೆ ನಾಲ್ಕು ಬೆರಳಗಲ ಹುಟ್ಟಿದ್ದ ಅದು ಮೇಲೆ ಬೀಸಣಿಕೆಯಾಗಿ ನಿಂತಿತ್ತು. ಗೋದಾಬಾಯಿ ಕನ್ನಡಕ ಏರಿಸಿ, ಸೂಜಿಯ ಮೇಲಿನ ಕುಣಿಕೆಗಳನ್ನು ಎಲ್ಲರೆದುರು ಒಂದೊಂದಾಗಿ ಎಣಿಸಿದರು.

"ತೊಂಬತ್ತೊಂದು."

"ಅದು... ಅದು ಬ್ಯಾರೆ ತಾಳ," ಎಂದರು ರಾಯರು.

"ಯಾವ ತಾಳರಿ ಕಾಕಾ," ಸುರಭಿ ತಂಬೂರಿ ಶ್ರುತಿ ಮಾಡುತ್ತಲೇ ಕೇಳಿದಳು, "ಆವರ್ತನಕ್ಕೊಂದು ಮಾತ್ರಾ ಮರಿ ಹಾಕೂದು?"

ಗೋದಾಬಾಯಿ ಸೂಜಿ ಎಳೆದೇಬಿಟ್ಟರು. "ಉಲನ್ ಕೆಡಸಬಾರ್ದು. ಬರ್ರಿ, ಎರಡೂ ಕೈ ಚಾಚ್ರಿ."

ಹಾಡು ಆರಂಭವಾದಾಗ ರಾಯರು ಮುಂದಿನ ಸಾಲಿನಲ್ಲೇ ಇದ್ದರು, ಶರಣಾದ ರಾಜನಂತೆ ಎರಡೂ ಅಂಗೈ ಮುಂದೆ ಚಾಚಿ. ಪಕ್ಕದಲ್ಲಿ ಹೆಂಡತಿ ಅವರ ಒಂದು ತಿಂಗಳ ಸಾಮ್ರಾಜ್ಯವನ್ನು ಸರಸರನೆ ಬಿಚ್ಚುತ್ತ, ಬಿಚ್ಚಿದ ಉಲನ್ ಅನ್ನು ಆ ಕೈಗಳಿಗೇ ಸುತ್ತುತ್ತಿದ್ದರು. ತೊಡೆ ಗೇಣು ದೂರದಲ್ಲಿತ್ತು, ಪರದೇಶದಲ್ಲಿದ್ದಂತೆ. ಬಾಯಿ ಎರಡು ಸಲ ತೆರೆದು ಎರಡು ಸಲ ಮುಚ್ಚಿತು.

ಆದರೂ ಅಭ್ಯಾಸ ಸುಮ್ಮನಿದ್ದೀತೆ? ಬಲಗಾಲಿನ ಹೆಬ್ಬೆರಳು ಗುಟ್ಟಾಗಿ ತಾಳ ಹಿಡಿಯಿತು. ಸುರಭಿ ತಾನಗಳನ್ನು ಬಿಡಿಸುತ್ತ ಹೋಗಿ, ಹೋಗಿ, ಹದಿನಾರು ಮಾತ್ರೆ ಮುಗಿದು ತಾಳ ಮತ್ತೆ ಶುರುವಾಗುವ ಸಮಕ್ಕೆ ಕೂದಲೆಳೆಯಷ್ಟೂ ತಪ್ಪದೆ ಬಂದಿಳಿದಳು. ಸಭೆ "ವ್ಹಾ!" ಎಂದು ಉಸಿರೆಳೆದು ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಹೆಬ್ಬೆರಳು ತಡವಾಗಿ, ಒಂಟಿಯಾಗಿ, ಮುಂದಿದ್ದ ಚಹಾದ ಬಶಿಗೆ ಬಡಿಯಿತು: ಠಣ್.

ಸುರಭಿಯ ಹಾಡಿನೊಳಗೆ ನಗು ನುಸುಳಿತು. ಗೋದಾಬಾಯಿ ಉಲನ್ನಿನ ಇನ್ನೊಂದು ಸುತ್ತು ಸುತ್ತಿದರು.

"ರೀ," ಅಂದರು ಮೆಲ್ಲಗೆ, "ಹದಿನೇಳು."