ಮೊಣಕೈ ಒಪ್ಪದ ಮಣ್ಣು

ಆ ವರ್ಷ ಗುಡ್ ಫ್ರೈಡೇ ಮಾರ್ಚಿನಲ್ಲೇ ಬಂದುಬಿಟ್ಟಿತು. ಯಾರ್ಕ್‌ಷೈರಿನ ಆ ಗುಡ್ಡದಲ್ಲಿ ಊರವರು ತಾಕು ತಾಕಾಗಿ ಬಾಡಿಗೆಗೆ ಹಿಡಿದ ತೋಟಗಳಲ್ಲಿ ಆಲೂಗಡ್ಡೆ ನೆಡುವುದು ಅಂದೇ. ಆ ಒಂದು ದಿನ ಮಣ್ಣಿನ ಮೇಲೆ ಸೈತಾನನ ಆಟ ನಡೆಯದೆಂದು ಅಜ್ಜಂದಿರ ಕಾಲದ ನಂಬಿಕೆ. ಅಂದು ಮಧ್ಯಾಹ್ನ ತೋಟಗಳ ಸಮಿತಿಯವರು ತಾಕಿನಿಂದ ತಾಕಿಗೆ ನಡೆದು ನೋಡುತ್ತಾರೆ. ಪಾಳು ಬಿದ್ದ ತಾಕು, ವರ್ಷಗಟ್ಟಲೆ ಸರದಿಯಲ್ಲಿ ಕಾದವರ ಪಾಲಾಗುತ್ತದೆ.

ಹದಿನೇಳನೆಯ ತಾಕಿನ ಎನಿಡ್ ಆಕ್ರಾಯ್ಡ್‌ಗೆ ಜನವರಿಯಲ್ಲೇ ಎಚ್ಚರಿಕೆಯ ಪತ್ರ ಬಂದಿತ್ತು. ಸೊಂಟದ ಕೀಲು ಬದಲಾಯಿಸಿಕೊಂಡು ಆಕೆ ಆರು ತಿಂಗಳು ಮನೆ ಹಿಡಿದಿದ್ದಾಗ ಕಳೆ ಮೊಣಕಾಲೆತ್ತರ ಬೆಳೆದಿತ್ತು. ಎಪ್ಪತ್ತಮೂರರ ಎನಿಡ್ ಆ ಪತ್ರವನ್ನು ಶೆಡ್ಡಿನ ಬಾಗಿಲಿಗೆ ಮೊಳೆ ಹೊಡೆದು ಸಿಕ್ಕಿಸಿ, ಸನಿಕೆ ಎತ್ತಿಕೊಂಡಳು. ದಿನಕ್ಕೆ ಒಂದೇ ಸಾಲು ಅಗೆತ. ಬಳಿಕ ಬಕೆಟ್ಟು ಬೋರಲು ಹಾಕಿ ಕುಳಿತು, ಹೆಂಟೆಯೊಳಗಿನ ಹುಲ್ಲಿನ ಬಿಳಿ ಬೇರುಗಳನ್ನು ತುಂಡಾಗದಂತೆ ಬಿಡಿಸುವುದು. ತುಂಡಾದರೆ ಪ್ರತಿ ತುಂಡೂ ಚಿಗುರುವ ಜಾತಿ ಅದು.

ಮೂವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಊರಿನ ಕೂಸುಗಳಿಗೆ ನೀರು ಹಾಕಿದವಳು ಎನಿಡ್. ನೀರಿನ ಹದ ನೋಡುತ್ತಿದ್ದ ಮೊಣಕೈಯಿಂದಲೇ ಆಕೆ ಮಣ್ಣಿನ ಹದವನ್ನೂ ನೋಡುವಳು. ಕಿಟಕಿಯ ಬಳಿ ಮೊಟ್ಟೆ ಟ್ರೇಗಳಲ್ಲಿ ಬಿತ್ತನೆ ಗಡ್ಡೆಗಳು ಮೊಳಕೆಯೊಡೆದು ಸಿದ್ಧವಾಗಿದ್ದವು. ಮಣ್ಣಿಗೆ ಊರಿದ ಮೊಣಕೈ ಮಾತ್ರ ಒಪ್ಪಲಿಲ್ಲ.

ಪಕ್ಕದ ತಾಕಿನ ಸೆಲ್ವಿನ್, ಸಮಿತಿಯ ಕಾರ್ಯದರ್ಶಿ, ಬೇಲಿಗೊರಗಿ ನಕ್ಕ. "ಏನ್ ಚಿನ್ನಾ, ಮಣ್ಣಿಗೆ ಜ್ವರ ಬಂತಾ?"

"ಎಲ್ಲಿಯ ಜ್ವರ! ಹೆಣದ ಹಾಗೆ ತಣ್ಣಗಿದೆ."

"ಹಟ ಮಾಡ್ಬೇಡ. ನಾಲ್ಕು ಗಡ್ಡೆ ಹೂತ್‌ಬಿಡು, ಸಮಿತಿ ನೋಡ್ಲಿ. ಕೊಳೆತ್ರೆ ಆಮೇಲೆ ಬೇರೆ ನೆಟ್ಕೋ."

"ಕೊಳೆಯುತ್ತೆ ಅಂತ ಗೊತ್ತಿದ್ದೂ ಹೂಳೋಕೆ ನನಗೇನು ತಲೆ ಕೆಟ್ಟಿದ್ಯಾ?"

ಆದರೆ ತಾಕು ಕೈಬಿಡುವುದಕ್ಕೂ ಆಕೆ ಸಿದ್ಧಳಿರಲಿಲ್ಲ. ಚಳಿಗೆ ಜಗ್ಗದ ದಪ್ಪ ಬೀನ್ಸ್ ಬೀಜಗಳನ್ನು ತಂದು ಬಿತ್ತತೊಡಗಿದಳು.

ಗುಡ್ ಫ್ರೈಡೇ ಮಧ್ಯಾಹ್ನ ಸಮಿತಿಯ ಮೂವರು ಚಹಾದ ಮಗ್ಗು ಹಿಡಿದು ಬಂದರು. ಎಲ್ಲರ ತಾಕಿನಲ್ಲೂ ಆಲೂಗಡ್ಡೆಯ ಏರಿಗಳು. ಎನಿಡಳದ್ದು ಬರೀ ಸಪಾಟು ನೆಲ.

"ಬೆಳೆ ಎಲ್ಲಮ್ಮಾ?" ಎಂದ ಸೆಲ್ವಿನ್.

"ನಿನ್ನ ಬೂಟಿನ ಕೆಳಗೆ. ಹಿಂದೆ ಸರಿ, ಬೀನ್ಸ್ ಮೇಲೆ ನಿಂತಿದೀಯ."

"ಗುಡ್ ಫ್ರೈಡೇ ಬೆಳೆ ಅಂದ್ರೆ ಆಲೂಗಡ್ಡೆ. ಎಲ್ರಿಗೂ ಗೊತ್ತು."

"ಎಲ್ರಿಗೂ ಗೊತ್ತಿರೋದು ಬೇಡ. ಅಗೋ, ಬಾಗಿಲ ಮೇಲಿದೆ ಪತ್ರ. ನೀನೇ ಬರೆದಿದ್ದು, ನೀನೇ ಓದು."

ಸೆಲ್ವಿನ್ ಕನ್ನಡಕ ಏರಿಸಿ ಓದಿದ: "ಗುಡ್ ಫ್ರೈಡೇ ವೇಳೆಗೆ ಅರ್ಧ ತಾಕಿನಲ್ಲಿ ಬೆಳೆ ಇರತಕ್ಕದ್ದು." ಆಲೂಗಡ್ಡೆಯ ಸುದ್ದಿಯೇ ಅದರಲ್ಲಿರಲಿಲ್ಲ. ಹಿಂದಿದ್ದವರಲ್ಲೊಬ್ಬಳು ಕಿಸಕ್ಕೆಂದಳು. ಕಿವಿ ಕೆಂಪಾದ ಕಾರ್ಯದರ್ಶಿ ತಾಕಿನುದ್ದಕ್ಕೂ ಹೆಜ್ಜೆಯಿಂದ ಅಳೆದು ಬಂದ.

"ಆಯ್ತು, ಬೆಳೆ ಅಂತಾನೇ ಇಟ್ಕೊಳ್ಳೋಣ. ಅರ್ಧಕ್ಕೆ ಎರಡು ಹೆಜ್ಜೆ ಕಮ್ಮಿ ಇದೆಯಲ್ಲ?"

ಆ ಎರಡು ಹೆಜ್ಜೆ, ಮಣ್ಣು ಬೆಚ್ಚಗಾದ ಮೇಲೆ ನೆಡುವ ಆಲೂಗಡ್ಡೆಗೆಂದೇ ಅಗೆದು ಮೀಸಲಿಟ್ಟ ನೆಲ. ಎನಿಡ್ ಒಂದು ಗಳಿಗೆ ಅದನ್ನೇ ನೋಡಿದಳು.

"ಗುಡ್ ಫ್ರೈಡೇ ಮುಗೀತಾ?"

"ಎಲ್ಲಿ, ಈಗಿನ್ನೂ ಮಧ್ಯಾಹ್ನ ಮೂರು ಗಂಟೆ ಅಷ್ಟೆ."

"ಹಾಗಾದ್ರೆ ಮಗ್ಗು ಕೆಳಗಿಟ್ಟು ಈ ದಾರ ಹಿಡ್ಕೋ. ಸಾಲು ಸೊಟ್ಟಗಾದ್ರೆ ಅದಕ್ಕೂ ಪತ್ರ ಬರೀತೀಯ."

ಹೊಸ ಕೀಲಿನ ಕಾಲನ್ನು ಹಿಂದಕ್ಕೆ ಚಾಚಿ, ಇನ್ನೊಂದನ್ನು ಮಡಚಿ, ಸನಿಕೆಯ ಹಿಡಿಗೆ ಜೋತುಬಿದ್ದು ಆಕೆ ನೆಲಕ್ಕಿಳಿದಳು. ಏಪ್ರನ್ ಜೇಬಿನಿಂದ ಒಂದೊಂದೇ ಬೀಜ ತೆಗೆದು, ಗೇಣಿಗೊಂದರಂತೆ ಬೆರಳಿಂದ ಒತ್ತಿದಳು. ನೋವಿಗೆ ತುಟಿ ಬಿಗಿದಿತ್ತು, ಕೈ ನಿಲ್ಲಲಿಲ್ಲ. ನಾಲ್ಕನೆಯ ಸಾಲಿಗೆ ಸೆಲ್ವಿನ್ ಹೇಳಿಸಿಕೊಳ್ಳದೆಯೇ ದಾರ ಸರಿಸಿದ.

"ಅರ್ಧ ಆಯ್ತು ಚಿನ್ನಾ. ಬರ್ಕೊಂಡೆ. ಸಾಕು, ಏಳು."

"ಇನ್ನೊಂದು ಸಾಲು," ಎಂದಳು ಎನಿಡ್. "ನಿನ್ನ ಹೆಜ್ಜೆ ಮೇಲೆ ನನಗೆ ನಂಬಿಕೆ ಇಲ್ಲ."