ಕೆಳಗೆ ನಿಂತ ಮಲ್ಲಪ್ಪ ಕಾಕಾ

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಗಾಡಿ ಹತ್ತಿದವರು ಮಲ್ಲಪ್ಪ ಕಾಕಾರ ಕೈಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಬೇವಿನ ಕಡ್ಡಿ ಕಚ್ಚಿಕೊಂಡೇ ಅಡ್ಡ ಬಂದು, ಗದ್ದದ ಕೆಳಗೆ ಎರಡು ಬೆರಳು ತೂರಿಸಿ ನೋಡಿ, ಪಟ್ಟಿ ಎಳೆದು, "ಈಗ ಹೋಗು ತಂಗಿ. ನಿನ್ನ ಸಾಲಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎನ್ನುತ್ತಿದ್ದರು. ಹಲಗೇರಿಯ ಶಾಲೆಗೆ ಪಾಠ ಹೇಳಲು ಹೋಗುವ ನನಗೆ ದಿನವೂ ಈ ತಪಾಸಣೆ.

ಕಾಕಾ ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ದುಡಿದವರು. ಶತ್ರುನೆಲದ ಫೋಟೊ ತೆಗೆಯಲು ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳ ಚಕ್ರ, ಬ್ರೇಕು ನೋಡುವುದು, ಪೈಲಟ್‌ನನ್ನು ಸೀಟಿಗೆ ಬಿಗಿದು ಕಳಿಸುವುದು ಅವರ ಕೆಲಸ. ಊರಿಗೆ ಬಂದ ಮೇಲೆ ಅದರ ಮಾತೇ ಎತ್ತುತ್ತಿರಲಿಲ್ಲ. ನನ್ನ ತಂದೆ ತೀರಿದ ವಾರ, ಒಂದು ತಾಸು ಮೊದಲು ದವಾಖಾನೆಗೆ ಒಯ್ದಿದ್ದರೆ ಎಂದು ನಾನು ಅಳುತ್ತಿದ್ದಾಗ, ಒಮ್ಮೆ ಮಾತ್ರ ಹೇಳಿದರು.

"ಆ ವಿಮಾನ ಹಾರಸಾಕ ಕಲಿಯಾಕತ್ತಿದ್ದ ಹುಡುಗ. ನಾನ ಸೀಟಿಗೆ ಬಿಗದು ಕಳಿಸಿದ್ದೆ. ಇಳಿಯೂ ಮುಂದ ಒಂದು ಚಕ್ರ ಪೂರಾ ಹೊರಗ ಬರದ ಅರ್ಧಕ್ಕ ಸಿಕ್ಕೊಂತು. ನೋಡ್ರಿ ಅಂತ ನಮ್ಮ ತಲಿ ಮ್ಯಾಲೆ ತಗ್ಗಿನ್ಯಾಗ ಹಾರಿಸ್ಕೊಂಡು ಹ್ವಾದ. ಎಲ್ಲಿ ಸಿಕ್ಕೊಂಡೈತಿ ಅಂತ ನನ್ನ ಕಣ್ಣಿಗೆ ಕಾಣಾಕತ್ತಿತ್ತು, ತಂಗಿ. ಕೈಯಾಗ ನಟ್ಟು ಬಿಚ್ಚೂ ಪಾನಾ ಇತ್ತು. ಎರಡು ನಿಮಿಷದ ಕೆಲಸ. ಆದ್ರ ಅಂವ ಮ್ಯಾಲೆ, ನಾ ಕೆಳಗ."

ಇಂಧನ ಮುಗಿಯುತ್ತ ಬರುವವರೆಗೂ ಹುಡುಗ ಸುತ್ತಿದ. ಕೊನೆಗೆ, ವಿಮಾನ ಬಿಟ್ಟು ಹಾರಿಕೊ ಎಂದು ಆದೇಶ ಹೋಯಿತು. ಕೆಳಗೆ ಊರಿತ್ತು. ಅದನ್ನು ದಾಟುವವರೆಗೆ ಅವನು ಕಾದ. ಹೊರಗೆ ಹಾರಿದಾಗ ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ.

"ವಿಚಾರಣಿ ಮಾಡಿ, ನಿಂದೇನೂ ತಪ್ಪಿಲ್ಲ ಅಂತ ಕಾಗದ ಕೊಟ್ರು. ತಪ್ಪರ ಇದ್ದಿದ್ರ ಚಲೋ ಇತ್ತು. ಹಿಡ್ಕೊಂಡು ಅಳಾಕ ಏನರ ಇರತಿತ್ತು."

ಮುಂದೊಂದು ದಿನ ಆ ಹುಡುಗನ ತಾಯಿ ಉತ್ತರದಿಂದ ರೈಲಿನಲ್ಲಿ ಕಾಕಾರ ಮನೆಗೆ ಬಂದರು. ಮಗನನ್ನು ಕೊನೆಯದಾಗಿ ಮುಟ್ಟಿದವರನ್ನು ನೋಡಬೇಕಿತ್ತಂತೆ. ನಾನೇ ರೊಟ್ಟಿ, ಕಾಳುಪಲ್ಯ ಬಡಿಸಿದೆ, ಅವರು ಮುಟ್ಟಲಿಲ್ಲ. "ಅವನು ಹೆದರಿದ್ದನೇ?" ಎಂದು ಹಿಂದಿಯಲ್ಲಿ ಕೇಳಿದರು. ಕಾಕಾ ಇಲ್ಲ ಎಂದುಬಿಡಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಕಾಕಾ ನೆಲ ನೋಡುತ್ತ, "ಗೊತ್ತಿಲ್ಲ ತಾಯಿ, ನಾನು ಕೆಳಗಿದ್ದೆ" ಎಂದು ಅದೇ ಹಿಂದಿಯಲ್ಲಿ ಹೇಳಿದರು. ಆ ತಾಯಿ ಅವರ ಎರಡೂ ಅಂಗೈ ಬಿಡಿಸಿ, ಸವರಿ, ಹಣೆಗೆ ಒತ್ತಿಕೊಂಡರು. ಕಾಕಾ ಕೈ ಎಳೆದುಕೊಳ್ಳಲು ನೋಡಿದರು. ಆಕೆ ಬಿಡಲಿಲ್ಲ.

ಹೋದ ವರ್ಷ ಕಾಕಾರಿಗೆ ಲಕ್ವ ಹೊಡೆದು ಮಾತು ನಿಂತಿತು. ತೀರಿಕೊಳ್ಳುವ ಮೂರು ದಿನ ಮೊದಲು ನಾನು ಗಂಜಿ ಒಯ್ದಾಗ, ಟಿವಿಯಲ್ಲಿ ತರಬೇತಿ ವಿಮಾನವೊಂದು ಯಾರದೋ ಹೊಲದಲ್ಲಿ ಉರಿಯುತ್ತಿತ್ತು. ಆರಿಸಲು ಹೋದೆ. ಕಾಕಾ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ಒಳಗಿದ್ದ ಇಬ್ಬರು ಏನಾದರೆಂದು ಹುಬ್ಬು ಎತ್ತಿ ಕೇಳಿದರು.

"ಇಬ್ಬರೂ ಹಾರ್ಕೊಂಡಾರಂತ, ಕಾಕಾ. ಆರಾಮ ಅದಾರಂತ" ಎಂದೆ.

ಇಬ್ಬರೂ ಸತ್ತರೆಂದು ಪರದೆಯ ಕೆಳಗೆ ದೊಡ್ಡ ಕನ್ನಡ ಅಕ್ಷರಗಳು ಓಡುತ್ತಿದ್ದವು. ಹೋದದ್ದು ಅವರ ಮಾತಷ್ಟೇ, ಓದು ಹೋಗಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಕಾಕಾ ಓದಿ ಮುಗಿಸಿದರು. ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಮಣಿಕಟ್ಟನ್ನೂ ಬಿಡಲಿಲ್ಲ. ಗಂಜಿ ಆರಿ ಕೆನೆಗಟ್ಟುವವರೆಗೆ ನಾವಿಬ್ಬರೂ ಹಾಗೇ ಕುಳಿತಿದ್ದೆವು.