ತಾಟು ಬಡಿದರೂ ಕದಲದ ಚಿಗರಿ

ಬೀಗರಾಗುವವರು ಬರುತ್ತಾರೆಂದರೆ ಎಲ್ಲರೂ ಮನೆ ಗುಡಿಸುತ್ತಾರೆ. ನಮ್ಮಣ್ಣ ಹೊಲ ಗುಡಿಸಿದ. ಹೇಗೆ ಅಂತೀರಾ? ಸ್ಟೀಲ್ ತಾಟು ಬಡಿದು, ಚಿಗರಿ ಓಡಿಸಿ. (ಪುಸ್ತಕದವರು ಇದಕ್ಕೆ ಕೃಷ್ಣಮೃಗ ಅನ್ನುತ್ತಾರೆ.)

ಅಣ್ಣನ ಮಗ ಬಸುಗೆ ಮೂವತ್ತು ದಾಟಿದೆ. ಕುರ್ತಕೋಟಿಯಲ್ಲಿ ಒಕ್ಕಲುತನ. ಒಕ್ಕಲುತನದ ಹುಡುಗನಿಗೆ ಕನ್ಯೆ ಸಿಗುವ ಕಷ್ಟ ನಿಮಗೆ ಗೊತ್ತಿಲ್ಲದ್ದೇ? ಅಂತೂ ಲಕ್ಷ್ಮೇಶ್ವರದ ಸುಧಾ, ಗದಗಿನಲ್ಲಿ ನರ್ಸ್, ಅವಳ ಮನೆಯವರು ಹೊಲ-ಮನೆ ನೋಡಲು ಬರುವ ತನಕ ಮಾತು ಬಂದಿತ್ತು. ಚಿಗರಿ ಕಂಡರೆ 'ಬೆಳೆಯೆಲ್ಲ ಇವುಗಳ ಬಾಯಿಗೇ' ಎಂದು ಹುಡುಗಿಯ ಅಪ್ಪ ಹಿಂದೆ ಸರಿದಾರೆಂಬ ಭಯ ಅಣ್ಣನಿಗೆ. ಜೊತೆಗೊಂದು ಸುಳ್ಳನ್ನೂ ತೇಲಿಬಿಟ್ಟಿದ್ದ: ಲಗ್ನವಾದ ಮೇಲೆ ಬಸು ಗದಗಿನಲ್ಲಿ ಅಂಗಡಿ ಹಾಕುತ್ತಾನೆ.

ಹೆಣ್ಣು ಚಿಗರಿಗಳೆಲ್ಲ ಓಡಿದವು. ಒಂದು ಗಂಡು ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ. ಬೆದೆಗಾಲಕ್ಕೆ ಮೈ ಕಪ್ಪಗೆ ಮಿರುಗುತ್ತಿತ್ತು. ತಾಟು ಬಡಿದರೆ ನಾಲ್ಕು ಜಿಗಿತ ಆಚೆ, ಸದ್ದು ನಿಂತರೆ ಮತ್ತೆ ಅಲ್ಲೇ.

ಅಷ್ಟರಲ್ಲಿ ಕಾರು ಬಂದೇಬಿಟ್ಟಿತು. ಸುಧಾಳೂ ಬಂದಿದ್ದಳು. (ಹಿರಿಯರಷ್ಟೇ ಬರುವುದು ನಮ್ಮ ಕಡೆಯ ರೂಢಿ.) ಬದುವಿನ ಮೇಲೆ ನಿಂತು ನೇರ ಬಸುವನ್ನೇ ಕೇಳಿದಳು. "ಅದ್ಯಾಕ್ರಿ ಹೋಗವಲ್ದು?"

"ಬೆದಿ ಕಾಲರಿ. ಗಂಡು ತನ್ನ ಜಾಗಾ ಹಿಡಕೊಂಡು ನಿಂದರತೈತಿ. ಹೆಣ್ಣು ಬಂದು ನೋಡಿ, ಮನಸ್ಸಿಗೆ ಬಂದ್ರ ಇರತೈತಿ. ಇಲ್ಲಂದ್ರ ಮುಂದಿನ ಗಂಡಿನ ಕಡೆ ಹೊಂಡತೈತಿ."

ಅಣ್ಣ ಜೋರಾಗಿ ಕೆಮ್ಮಿದ. ಕನ್ಯೆಯ ಕಡೆಯವರ ಮುಂದೆ ಆಡುವ ಮಾತೇ ಇದು?

"ಮತ್ತ ನೀವು ಗದಗಿನಾಗ ಅಂಗಡಿ ಹಾಕ್ತೀರಂತ?" ಸುಧಾ ಬಿಡಲಿಲ್ಲ.

ಎಲ್ಲರೂ ಬಸುವಿನ ಬಾಯಿ ನೋಡಿದೆವು. ಹೂಂ ಅಂದರೆ ಲಗ್ನ ಗಟ್ಟಿ. ನಾನಂತೂ ಹಿಂದಿನಿಂದ ಅವನ ಅಂಗಿ ಜಗ್ಗಿದೆ.

"ಇಲ್ರಿ. ನಾ ಹೊಲಾ ಬಿಡಂಗಿಲ್ಲ. ಅಪ್ಪ ಸುಮ್ನ ಹೇಳ್ಯಾನ."

ನನಗೆ ಅಳುವೇ ಬಂತು. ಇನ್ನೆಷ್ಟು ಕಡೆ ತಿರುಗಬೇಕೋ ಈ ಹುಡುಗನಿಗಾಗಿ? ಸುಧಾಳ ಅಪ್ಪ ಕಾರಿನ ಕಡೆ ತಿರುಗಿ, "ಮನಿಗೆ ಹೋಗಿ ಫೋನ್ ಮಾಡ್ತೀವಿ ತಗೋರಿ" ಅಂದರು. ಆ ಮಾತಿನ ಅರ್ಥ ತಿಳಿಯದವರು ನಮ್ಮ ಜಿಲ್ಲೆಯಲ್ಲಿ ಯಾರೂ ಇಲ್ಲ.

"ಫೋನ್ ಯಾಕಪ್ಪಾ, ನಾ ಇಲ್ಲೇ ಅದೀನಲ್ಲ" ಅಂದಳು ಸುಧಾ. "ನನಗ ಒಪ್ಪಿಗಿ ಐತಿ. ಅವರು ಹೊಲಾ ಬಿಡೋದು ಬ್ಯಾಡ. ನಾನೂ ನೌಕರಿ ಬಿಡಂಗಿಲ್ಲ. ಗದಗ ಏನು ಭಾಳ ದೂರ ಐತೇನು, ಸ್ಕೂಟಿ ಮ್ಯಾಲೆ ಹೋಗಿ ಬರ್ತೀನಿ."

ಜಾತಕ ಕೇಳಿದ್ದೆವು, ಎಕರೆ ಕೇಳಿದ್ದೆವು, ಪಗಾರ ಕೇಳಿದ್ದೆವು. ಹೆಣ್ಣಿನ ಮನಸ್ಸು ಕೇಳಬೇಕೆಂಬುದು ಚಿಗರಿಗೆ ಗೊತ್ತು, ನಮಗೇಕೆ ಹೊಳೆಯಲಿಲ್ಲ?